ಕಂಬಳಿ ಓಣಿಗೆ ಬಂದ ಸಿಮೆಂಟ್ ರಸ್ತೆ

ಇಂಡಿ ಪಟ್ಟಣದಲ್ಲಿ ನಮ್ಮ ಓಣಿಗೆ ಕಂಬಳಿ ಓಣಿ ಅಂತಲೇ ಹೆಸರು. ನಾವೆಲ್ಲ ಹಾಲುಮತದವರು, ಕುರಿಯನ್ನೂ ಕಂಬಳಿಯನ್ನೂ ನಂಬಿದವರು. ಹೊರ್ತಿ ಕಡೆಯ ಕುರಿಗಾರರಿಂದ ತಂದ ಉಣ್ಣೆಯನ್ನು ಅವ್ವ ನೂಲುತ್ತಿದ್ದಳು. ಅಪ್ಪ ಓಣಿಯಲ್ಲಿ ಗೂಟ ನೆಟ್ಟು, ನೆರೆಮನೆಯವರನ್ನು ಕೂಡಿಸಿಕೊಂಡು ಆ ನೂಲನ್ನು ಉದ್ದಕ್ಕೆ ಬಿಗಿದು ಕಟ್ಟುತ್ತಿದ್ದ. ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸಿದ ಮೇಲೆಯೇ ಅದು ಮಗ್ಗಕ್ಕೆ ಹೋಗುವುದು. ಶಾಲೆಗೆ ಹೋಗುವಾಗ ನಾವು ಆ ನೂಲಿನ ಕೆಳಗೆ ನುಸುಳಬೇಕಿತ್ತು. ತಲೆ ತಾಗಿತೋ, ಅಪ್ಪನ ಬೈಗುಳ ಓಣಿ ದಾಟುವವರೆಗೂ ಬೆನ್ನು ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಪೇಟೆ ಬೆಳೆಯುತ್ತ ನಮ್ಮ ಮನೆಬಾಗಿಲಿಗೇ ಬಂತು. ಅಂಗಡಿಯವರು, ಮಾಸ್ತರರು, ಒಬ್ಬ ವಕೀಲರು ಓಣಿಯಲ್ಲಿ ಜಾಗ ಕೊಂಡು ಮಾಳಿಗೆ ಮನೆ ಕಟ್ಟಿಸಿದರು. ಕೆಟ್ಟವರೇನಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು. ಆದರೆ ಗಂಜಿಯ ವಾಸನೆಗೆ ಕಿಟಕಿ ಹಾಕಿಕೊಳ್ಳುತ್ತಿದ್ದರು. ಗೃಹಪ್ರವೇಶದ ಪೂಜೆಗೆ ಹಾಸಲು ಕಂಬಳಿ ಮಾತ್ರ ನಮ್ಮದೇ ಆಗಬೇಕಿತ್ತು!

ಓಣಿಗೆ ಸಿಮೆಂಟ್ ರಸ್ತೆ ಬೇಕೆಂಬ ಮಾತು ತೆಗೆದವರು ಅವರು. ಅರ್ಜಿಗೆ ಮೊದಲು ಹೆಬ್ಬೆಟ್ಟು ಒತ್ತಿದವನು ಅಪ್ಪ.

"ನಮ್ಮ ಮಕ್ಕಳಿಗೂ ಕೆಸರು ತುಳಿಯೂದು ತಪ್ಪಲಿ," ಅಂದ.

ರಸ್ತೆ ಆದಾಗ ಅವ್ವನ ಹಿಗ್ಗು ಹೇಳತೀರದು. ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕಿದಳು. ನಾವು ಬರಿಗಾಲಲ್ಲಿ ಓಡಿದ್ದೇ ಓಡಿದ್ದು.

ಮುಂದಿನ ಕಂಬಳಿಯ ನೂಲು ಸಿದ್ಧವಾದಾಗ ಅಪ್ಪ ಸುತ್ತಿಗೆ ಹಿಡಿದು ಹೊರಗೆ ಬಂದ. ಎಂದಿನ ಜಾಗದಲ್ಲಿ ಗೂಟ ಇಟ್ಟು ಹೊಡೆದ. ಗೂಟ ಜಿಗಿದು ದೂರ ಬಿತ್ತು. ಇನ್ನೊಮ್ಮೆ ಹೊಡೆದ. ಆಮೇಲೆ ಸಿಮೆಂಟಿನ ಮೇಲೆ ಕೈ ಊರಿ ಹಾಗೇ ಕುಳಿತುಬಿಟ್ಟ. ಗೂಟಕ್ಕೆ ಮಣ್ಣು ಬೇಕು ಎಂಬ ಇಷ್ಟು ಸಣ್ಣ ಮಾತು ಇಡೀ ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ವಕೀಲರು ಬಾಗಿಲಿಗೆ ಬಂದು, "ಯಜಮಾನ್ರ, ರಸ್ತಾ ಒಡೀಬ್ಯಾಡ್ರಿ, ಸರ್ಕಾರದ್ದೈತಿ," ಅಂದರು.

"ಹೌದ್ರಿ," ಅಂದ ಅಪ್ಪ.

ಓಣಿಗೆಲ್ಲ ಕೇಳುವಂತೆ ಜಗಳಾಡುತ್ತಿದ್ದ ಮನುಷ್ಯ, ಅವತ್ತು ಅಷ್ಟೇ ಅಂದ.

ಊರಾಚೆ ಬಯಲಲ್ಲಿ ಗೂಟ ನೆಟ್ಟು ನೋಡಿದ. ದನಗಳು ನುಗ್ಗಿ ನೂಲು ಹರಿದವು. ನಮ್ಮವರು ಒಬ್ಬೊಬ್ಬರಾಗಿ ಮನೆ ಮಾರಿ ಊರಂಚಿಗೆ ಹೋದರು, ಕೊನೆಗೆ ನಾವೂ. ಅಲ್ಲಿ ಬೇಕಾದಷ್ಟು ಮಣ್ಣಿತ್ತು. ಆದರೆ ನೂಲು ಹಿಡಿದು ಕಟ್ಟಲು ನೆರೆಮನೆಯ ಕೈಗಳಿರಲಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಚೆದುರಿದ್ದರು. ಅಪ್ಪ ತೀರಿಹೋಗುವವರೆಗೂ ಮತ್ತೆ ಮಗ್ಗ ಹೂಡಲಿಲ್ಲ.

ಅವನು ಹೋದ ಮೇಲೆ ಒಂದು ದಿನ ಸಂತೆಯಿಂದ ಬರುತ್ತ ಅವ್ವ, "ನಮ್ಮ ಓಣಿ ಮ್ಯಾಲಿಂದ ಹೋಗೂಣು," ಅಂದಳು. ಓಣಿಯ ಮೂಲೆಯಲ್ಲಿ ಯಾವುದೋ ನಗರ ಎಂದು ಹೊಸ ಬೋರ್ಡಿತ್ತು. ನಮ್ಮ ಮನೆಯಿದ್ದ ಜಾಗದಲ್ಲಿ ಮಾಳಿಗೆ ಮನೆ. ಅವ್ವ ಅದರ ಮುಂದೆ ನಿಂತೇ ಇದ್ದಳು. ಒಳಗಿನಿಂದ ಆ ಮನೆಯ ಸೊಸೆಯಂತೆ ಕಾಣುವ ಹುಡುಗಿಯೊಬ್ಬಳು ಬಂದು ಮರ್ಯಾದೆಯಿಂದಲೇ ಕೇಳಿದಳು:

"ಯಾರ ಮನಿ ಬೇಕಾಗಿತ್ರಿ, ಅಮ್ಮಾ?"

ಅವ್ವ ಬಾಗಿಲು ನೋಡಿದಳು, ಕಾಲ ಕೆಳಗಿನ ಸಿಮೆಂಟ್ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಯಾರದೂ ಇಲ್ಲ ತಂಗಿ," ಅಂದಳು. "ಓಣಿ ತಪ್ಪಿ ಬಂದೀವಿ."