ಲ್ಯಾಟಿನ್ ಪೂಜೆಗೆ ಬಂದ ಮಂದಿ

ಅಳ್ನಾವರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೇಲರ್ ಅಕ್ಕ ಹಳೇ ಪದ್ಧತಿಯ ಕ್ಯಾಥೋಲಿಕರು. ಅವರಿಗೆ ಪೂಜೆ ಲ್ಯಾಟಿನ್ನಿನಲ್ಲೇ ಆಗಬೇಕು, ತಲೆಯ ಮೇಲೆ ಮುಸುಕು ಇರಬೇಕು. ವರ್ಷ ಬಿಟ್ಟು ವರ್ಷ ಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಮಕ್ಕಳಿಗೆಲ್ಲ ಒಂದೇ ಥಾನಿನ ಬಟ್ಟೆ ಹೊಲಿಯುತ್ತಿದ್ದರು. ನರ್ಸಮ್ಮ ಬಂದು, "ಇನ್ನ ಸಾಕ ಮಾಡ್ರಿ ಅಕ್ಕಾರ" ಎಂದಾಗಲೆಲ್ಲ ಹಲ್ಲಿನಿಂದ ದಾರ ಕಡಿದು, "ಬರೋರು ಬರ್ಲಿ ಬಿಡ್ರಿ" ಎನ್ನುತ್ತಿದ್ದರು.

ತಿಂಗಳಿಗೊಮ್ಮೆ ನಡೆಯುತ್ತಿದ್ದ ಆ ಲ್ಯಾಟಿನ್ ಪೂಜೆಗೆ ಒಮ್ಮೆ ಕುತ್ತು ಬಂತು. ಜನ ಬರುವುದಿಲ್ಲವೆಂದು ಯಾರೋ ದೂರಿದ್ದರು. ಕಣ್ಣಾರೆ ನೋಡಿ ತೀರ್ಮಾನಿಸಲು ಹಿರಿಯ ಫಾದರ್ ಒಬ್ಬರು ಬರುವವರಿದ್ದರು. ಸುದ್ದಿ ಕೇಳಿ ಅಕ್ಕ ಸಪ್ಪಗಾದರು. ಆದರೆ ಆ ವಾರವಿಡೀ ಅವರ ಹೊಲಿಗೆ ಮಷೀನು ನಿಲ್ಲಲಿಲ್ಲ.

ಭಾನುವಾರ ಅಕ್ಕನ ಮನೆಯವರೆಲ್ಲರನ್ನೂ ನನ್ನ ಟೆಂಪೋದಲ್ಲಿ ಚರ್ಚಿಗೆ ಕರೆದೊಯ್ದೆ. ಆವತ್ತು ಒಬ್ಬರ ಬಟ್ಟೆಯಂತೆ ಇನ್ನೊಬ್ಬರದಿರಲಿಲ್ಲ. ಅಕ್ಕ ಮಕ್ಕಳನ್ನು ಚದುರಿಸಿ ಕೂರಿಸಿದರು. ಆ ಪುಟ್ಟ ಚರ್ಚು ತುಂಬಿಹೋಯಿತು.

ಪೂಜೆ ಮುಗಿದ ಮೇಲೆ ಹಿರಿಯ ಫಾದರ್ ಖುಷಿಯಾಗಿ, "ಭಾಳ ಮಂದಿ ಬಂದಾರಲ್ಲ. ಎಷ್ಟು ಮನಿತನದವ್ರು?" ಎಂದು ಕೇಳಿದರು.

ಅಕ್ಕ ಫಾದರ್ ಮುಂದೆ ಸುಳ್ಳು ಹೇಳುವವರಲ್ಲ. "ಒಂದ ರೀ ಫಾದರ್, ನಮ್ದ" ಎಂದರು.

ಫಾದರ್ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿ ನಕ್ಕುಬಿಟ್ಟರು. "ಆಗ್ಲಿ, ಪೂಜಿ ನಡೀಲಿ. ಆದ್ರ ಮುಂದ ಮಂದಿ ಹೆಚ್ಚಾಗಬೇಕು ನೋಡ್ರಿ."

ಅಕ್ಕ ಸೆರಗನ್ನು ಹೊಟ್ಟೆಯ ಮೇಲೆ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: "ಆ ಕೆಲಸ ಶುರು ಆಗೇದ್ರಿ."