ಬ್ಯಾಡ ಅಂದವರಿಗೆ ಅರ್ಧ ಕಪ್ಪು

ಒಲೆಯ ಮೇಲೆ ಚಹಾ ಉಕ್ಕಿದ ವಾಸನೆ ಬಂದರೆ ಸಾಕು, ನಾನು ಎಲ್ಲಿದ್ದೇನೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಲ್ಯಾಪ್‌ಟಾಪಿನ ಮುಂದೆ ಇದ್ದೇನೆ ಎಂದು ಎಲ್ಲರಿಗೂ ಗೊತ್ತು. ಇವತ್ತೂ ಉಕ್ಕಿತು. ಒಲೆ ಒರೆಸುತ್ತ, ಈ ಹುಚ್ಚು ನನಗೆ ಹಿಡಿದದ್ದಾದರೂ ಹೇಗೆ ಎಂದು ನೆನೆದು ಒಬ್ಬಳೇ ನಕ್ಕೆ. ನೀವೂ ಕುಳಿತುಕೊಳ್ಳಿ, ಹೇಳುತ್ತೇನೆ.

ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಯಜಮಾನರಿಗೆ ಎಲೆತೋಟವಿದೆ, ಬಳ್ಳಿ ಕಟ್ಟುವ ಕೆಲಸ ಅವರಿಗೆ ಮುಗಿಯುವುದೇ ಇಲ್ಲ. ನನಗೆ ಮಾತ್ರ ತಿದ್ದಲು ಒಂದು ಪಟ್ಟಿಪುಸ್ತಕವೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಕನ್ನಡದಲ್ಲಿ ಮಾತಾಡುವ ಕೃತಕ ಬುದ್ಧಿಯ ಯಂತ್ರವೊಂದನ್ನು ಕೆಲವರು ಸೇರಿ ಕಟ್ಟುತ್ತಿದ್ದಾರೆ, ಒಳಗಿನದೆಲ್ಲ ಮುಕ್ತ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಸಂಬಳ ಮಾತ್ರ ಇಲ್ಲ. ಪಗಾರವಿಲ್ಲದ ಕೆಲಸ ಯಾಕೆ ಎಂದು ಯಜಮಾನರು ಕೇಳಿದರು. ಮಠದ ದಾಸೋಹದಲ್ಲಿ ಬಡಿಸುವುದಕ್ಕೆ ನೀವೇನು ಪಗಾರ ತೆಗೆದುಕೊಳ್ಳುತ್ತೀರಾ ಎಂದೆ. ಅವರು ತೋಟಕ್ಕೆ ಹೋದರು.

ದಾಸೋಹದ ಮಾತು ಸುಮ್ಮನೆ ಹೇಳಿದ್ದಲ್ಲ. ಅಲ್ಲಿ ಹೊಸಬರ ಕೈಗೆ ಯಾರೂ ಹುಗ್ಗಿಯ ಬಕೆಟ್ಟು ಕೊಡುವುದಿಲ್ಲ. ಮೊದಲು ಉಪ್ಪು, ಉಪ್ಪಿನಕಾಯಿ. ಇಲ್ಲಿಯೂ ಹಾಗೇ. ಉಳಿದವರು ಏನೇನೋ ದೊಡ್ಡ ಕೆಲಸ ಮಾಡುತ್ತಿದ್ದರು. ನನಗೆ ಸಿಕ್ಕಿದ್ದು ಮಾದರಿ ಮಾತುಕತೆ ಬರೆಯುವ ಕೆಲಸ. ನಮ್ಮ ಜನ ಹೇಗೆ ಮಾತಾಡುತ್ತಾರೋ ಹಾಗೆ ಬರೆಯಬೇಕು, ಯಂತ್ರ ಅದನ್ನು ಓದಿ ಕಲಿಯುತ್ತದೆ. ಹೊಸಬರನ್ನು ನೋಡಿಕೊಳ್ಳುತ್ತಿದ್ದವಳು ಮೈಸೂರಿನ ಸೌಮ್ಯ. ನನ್ನ ವಿದ್ಯಾರ್ಥಿನಿಯರಿಗಿಂತ ಚಿಕ್ಕವಳು, ನಾನು ಬರೆದದ್ದನ್ನು ತಿದ್ದುವವಳು ಅವಳು. ನಾನು ಸಹಿಸಿಕೊಂಡೆ.

ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ ಒಂದೇ, ಮನೆಗೆ ಬಂದವರನ್ನು ಉಪಚರಿಸುವುದು. ಬಂದವರು ಬ್ಯಾಡ್ರಿ, ಈಗ ಕುಡದ ಬಂದೇನಿ ಅನ್ನಬೇಕು. ನಾವು ಹಂಗಂದ್ರ ಹೆಂಗ್ರಿ, ಅರ್ಧ ಕಪ್ಪರ ತೊಗೋರಿ ಅನ್ನಬೇಕು. ಅವರು ಕೈ ಅಡ್ಡ ಹಿಡಿಯಬೇಕು, ನಾವು ಆ ಕೈಯನ್ನು ಸರಿಸಿ ತಟ್ಟೆಗೆ ಖಾರದ ಅವಲಕ್ಕಿ ಸುರಿಯಬೇಕು. ಮೊದಲ ಸಲಕ್ಕೇ ಒಪ್ಪಿದವನು ಹೊಟ್ಟೆಬಾಕ, ಮೊದಲ ಸಲಕ್ಕೇ ಬಿಟ್ಟವನು ಜುಗ್ಗ. ಇಂಥವನ್ನು ರಾಶಿ ರಾಶಿ ಬರೆದೆ. ತುಂಬ ಜೀವಂತವಾಗಿದೆ ಮೇಡಂ ಎಂದು ಸೌಮ್ಯ ಹೊಗಳಿದಳು. ನಾನು ಉಬ್ಬಿ, ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಯಂತ್ರದ ಮೊದಲ ರೂಪವನ್ನು ಪರೀಕ್ಷೆಗೆ ಬಿಟ್ಟರು. ಹಾನಗಲ್ಲಿನ ಸ್ವಯಂಸೇವಕನೊಬ್ಬ ಅದರಿಂದ ಒಂದು ರಜೆ ಅರ್ಜಿ ಬರೆಸಿದ. ಬರೆದುಕೊಟ್ಟಿತು. ಇನ್ನೊಂದು ಬರೆಯಲೇ ಎಂದು ಕೇಳಿತು. ಬೇಡ ಎಂದ. ಹಂಗಂದ್ರ ಹೆಂಗ್ರಿ ಎನ್ನುತ್ತ ಅರ್ಧ ದಿನದ ರಜೆಗೆ ಇನ್ನೊಂದು ಅರ್ಜಿ ಬಡಿಸಿತು. ಸಾಕು ಎಂದರೆ ಮದುವೆಯ ಆಮಂತ್ರಣ ಬರೆಯಿತು. ಆತನಿಗೆ ಹೆಣ್ಣು ಕೂಡ ಗೊತ್ತಾಗಿರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟೂ ನನ್ನ ಬೀಜದ ಬೆಳೆ. ಆ ಮಾತುಕತೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಸೌಮ್ಯ ಮೆತ್ತಗೆ ಕೇಳಿದಳು.

ನನಗೆ ಸಿಟ್ಟು ಬಂತು. ಮುಕ್ತ ಯೋಜನೆ ಎಂದ ಮೇಲೆ ವಾದಕ್ಕೂ ಎಲ್ಲರಿಗೂ ಹಕ್ಕುಂಟಲ್ಲ? ನಮ್ಮ ಕಡೆ ಬೇಡ ಎಂದರೆ ಇನ್ನೊಮ್ಮೆ ಕೇಳಿ ಎಂದು ಅರ್ಥ, ಇದು ನಮ್ಮ ಸಂಸ್ಕೃತಿ ಎಂದು ಉದ್ದಕ್ಕೆ ಬರೆದೆ. ಸಾಲದ್ದಕ್ಕೆ ಹಂಸಭಾವಿಯ ಅಕ್ಕನಿಗೆ ಫೋನು ಮಾಡಿದೆ. ಉಪಚಾರದಲ್ಲಿ ಅವಳನ್ನು ಮೀರಿಸುವವರಿಲ್ಲ, ಅವಳ ಸಾಕ್ಷಿ ಬೇಕಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೂ ಮುನಿಸಿತ್ತು. ಹಬ್ಬಕ್ಕೊಮ್ಮೆ ಬರುತ್ತಿದ್ದವಳು ಬರುವುದನ್ನೇ ಬಿಟ್ಟಿದ್ದಳು. ಹೊಸ ಮನೆ ಕಟ್ಟಿಸಿದ ಮೇಲೆ ಕಣ್ಣು ನೆತ್ತಿಗೇರಿದೆ ಎಂದುಕೊಂಡಿದ್ದೆ.

ನನ್ನ ಪುರಾಣವೆಲ್ಲ ಕೇಳಿದ ಮೇಲೆ ಅಕ್ಕ ಹೇಳಿದಳು:

"ತಂಗೀ, ನಾ ನಿಮ್ಮನಿಗೆ ಬರೂದ ಯಾಕ ಬಿಟ್ಟೇನಿ ಗೊತ್ತೈತೇನ? ಶುಗರ್ ಐತಿ, ಬ್ಯಾಡ ಅಂತೇನಿ, ಯಾರೂ ಕೇಳಂಗಿಲ್ಲ. ಒಂದಿನಕ್ಕ ಏನಾಗ್ತೈತಿ ಅಂತ ಹೋಳಿಗಿ ಬಾಯಾಗ ತುರಕತಾರ. ಕಾಲಾಗಿನ ಗಾಯ ಮಾಯವಲ್ದು, ಡಾಕ್ಟರ್ ಬೈಯಾಕತ್ತಾರ. ನಿನ್ನ ಮಷೀನಿಗರ ಕಲಸವ್ವಾ, ಬ್ಯಾಡ ಅಂದ್ರ ಬ್ಯಾಡ ಅಂತ."

ಅವಳಿಗೆ ಶುಗರ್ ಇರುವುದು ನನಗೆ ಗೊತ್ತಿತ್ತು. ಒಂದು ದಿನಕ್ಕೆ ಏನಾಗುತ್ತದೆ ಎಂದವರಲ್ಲಿ ನಾನೂ ಒಬ್ಬಳು. ಗಾಯದ ಸುದ್ದಿ ಮಾತ್ರ ಗೊತ್ತಿರಲಿಲ್ಲ. ಫೋನು ಇಟ್ಟ ಮೇಲೆ ನನಗೆ ಅಳು ಬಂತು, ಹೆದರಿಕೆಯೂ ಆಯಿತು. ಆ ಉದ್ದನೆಯ ವಾದವನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಬರೆಯಲು ಕುಳಿತೆ. ಕೇಳುವುದು ಒಂದೇ ಸಲ. ಬೇಡ ಎಂದರೆ ಅಲ್ಲಿಗೇ ಬಿಟ್ಟು, ಮೈಯಲ್ಲಿ ಆರಾಮ ಇದೆಯೇ ಎಂದು ವಿಚಾರಿಸುವುದು. ಬರೆಯುವಾಗ ಒಂದೊಂದು ಸಾಲಿಗೂ ಕೈ ಎಳೆಯಿತು. ನಮ್ಮ ಅವ್ವ ಮೇಲಿನಿಂದ ನೋಡುತ್ತಿದ್ದರೆ ಏನೆಂದುಕೊಂಡಾಳು? ಸೌಮ್ಯ ಎಲ್ಲವನ್ನೂ ಒಪ್ಪಿಕೊಂಡಳು. ಯಂತ್ರ ಬೇಗ ಕಲಿಯಿತು. ನನಗೆ ಕಲಿಯುವುದು ತಡವಾಯಿತು.

ಒಂದೇ ಸಲ ಕೇಳುತ್ತೇನೆ ಎಂದು ನಾನು ಆಣೆ ಮಾಡಿದ ಮೇಲೆ ಅಕ್ಕ ನಿನ್ನೆ ಬಂದಳು. ಕಾಲಿಗೆ ಪಟ್ಟಿ ಇತ್ತು. ಚಹಾ ಕುಡೀತಿಯೇನು ಎಂದೆ. ಬ್ಯಾಡ ಎಂದಳು. ನಾನು ಸುಮ್ಮನೆ ಕುಳಿತೆ. ಅಡಿಗೆಮನೆಯ ಕಡೆ ಹೊರಟ ಕಾಲುಗಳನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ? ಅಷ್ಟರಲ್ಲಿ ತೋಟದಿಂದ ಬಂದ ಯಜಮಾನರು ಅಕ್ಕನ ಮುಂದೆ ಕಪ್ಪಿಲ್ಲದ್ದನ್ನು ಕಂಡು ಗಾಬರಿಯಾಗಿ ನನ್ನ ಮುಖ ನೋಡಿದರು.

"ಕೇಳ್ಯಾಳ್ರಿ, ನಾನ ಬ್ಯಾಡ ಅಂದೇನಿ," ಎಂದಳು ಅಕ್ಕ.

ಅವರು ಏನು ಮಾಡಬೇಕೋ ತಿಳಿಯದೆ ಅಲ್ಲೇ ನಿಂತರು. ಸಂಜೆಯ ಬಸ್ಸಿಗೆ ಹೋಗುತ್ತೇನೆ ಎಂದು ಬರುವಾಗಲೇ ಹೇಳಿದ್ದ ಅಕ್ಕ, ಮಡಿಲಲ್ಲಿ ಇಟ್ಟುಕೊಂಡಿದ್ದ ಚೀಲವನ್ನು ಕೆಳಗಿಟ್ಟು ಕಾಲು ಚಾಚಿದಳು. "ಇವತ್ತ ಇಲ್ಲೇ ವಸ್ತಿ ಇರ್ತೇನಿ," ಎಂದಳು. ಇರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.