ಗುರುದೇವಿ ಕೇಳಿದ್ದ ಸಹಿ

೧೯೮೨ರ ಮೇ ತಿಂಗಳಲ್ಲಿ ಅಂಬುಜಾ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಒಂದು ನೋಟಿಸು ಹಚ್ಚಿದರು. ಕಾರುಗಳಿಗೆ ಬೇಕಾದ ಬಣ್ಣಬಣ್ಣದ ವೈರುಗಳನ್ನು ಜಡೆಯ ಹಾಗೆ ಕಟ್ಟಿಕೊಡುವುದು ಅವಳ ಕೆಲಸ. ಈಗ ಕಾರು ಕೊಳ್ಳುವವರೇ ಇರಲಿಲ್ಲ. ಇನ್ನು ಮುಂದೆ ಸೈನ್ಯದ ಟ್ರಕ್ಕುಗಳಿಗೆ ಮಾತ್ರ ವೈರು, ಆಗಸ್ಟ್ ಮುಗಿಯುವುದರೊಳಗೆ ಅಮೆರಿಕದ ಪ್ರಜೆಗಳಾಗದವರಿಗೆ ಕೆಲಸವಿಲ್ಲ ಎಂದಿತ್ತು ನೋಟಿಸು.

ಡೆಟ್ರಾಯಿಟ್ ಸುತ್ತ ಆ ವರ್ಷ ಕೆಲಸ ಹೋದ ಮನೆ ಬೀದಿಗೆ ಮೂರಾದರೂ ಇದ್ದವು. ಗೇರುಗಳ ನಕ್ಷೆ ಬರೆಯುತ್ತಿದ್ದ ಅವಳ ಗಂಡ ಚಂದ್ರಮೌಳಿ ಹದಿನಾಲ್ಕು ತಿಂಗಳಿಂದ ಮನೆಯಲ್ಲೇ ಇದ್ದರು. ದಿನಾ ಶೇವ್ ಮಾಡಿ, ಇಸ್ತ್ರಿಯ ಶರ್ಟು ತೊಟ್ಟು, ಅಡುಗೆಮನೆಯ ಮೇಜಿಗೆ ಬಂದು ಕೂರುವರು. ಮನೆ ನಿಂತಿದ್ದುದು ಅಂಬುಜಾಳ ಸಂಬಳದ ಮೇಲೆ.

ಅವರು ಪ್ರಜೆಯಾಗಿ ಆರು ವರ್ಷವಾಗಿತ್ತು. ಅಂಬುಜಾ ಮಾತ್ರ ಏನೋ ನೆವ ಹೇಳಿ ತಪ್ಪಿಸಿಕೊಂಡೇ ಬಂದಿದ್ದಳು.

"ಆ ಹಳೇ ಪಾಸ್‌ಪೋರ್ಟಲ್ಲಿ ನಿಮ್ಮ ಮನೆದೇವರು ಕೂತಿದಾನೇನೆ? ಈಗ ಬೇರೆ ದಾರಿ ಇಲ್ಲ, ಅಪ್ಲೈ ಮಾಡು" ಎಂದರು ಚಂದ್ರಮೌಳಿ.

ಕಾಲೇಜು ಓದುತ್ತಿದ್ದ ಮಗಳು ಮಾಳವಿಕಾ ಅರ್ಜಿಯನ್ನು ಟೈಪ್ ಮಾಡಲು ಕೂತಳು. ಪ್ರಶ್ನೆ ಓದುವುದು, ತಾನೇ ಉತ್ತರ ಒತ್ತುವುದು. "ಪೊಲೀಸರು ಯಾವತ್ತಾದ್ರೂ ಅರೆಸ್ಟ್ ಮಾಡಿದ್ರಾ ಅಂತೆ. ಮಾಮ್, ಯೂ? ಸಿಗ್ನಲ್ ಬೀಳ್ದೆ ರಸ್ತೆ ಕೂಡ ದಾಟಲ್ಲ ನೀನು!" ಎಂದು ನಕ್ಕು, ಇಲ್ಲ ಎಂದು ಒತ್ತಿದಳು. ಚಂದ್ರಮೌಳಿಯೂ ನಕ್ಕರು. ಅಂಬುಜಾ ಒಲೆಯ ಕಡೆ ತಿರುಗಿ ಹುಳಿಗೆ ಇನ್ನೊಮ್ಮೆ ಉಪ್ಪು ಹಾಕಿದಳು.

ಅವಳು ಜೈಲಿಗೆ ಹೋಗಿದ್ದಳು. ೧೯೪೭ರಲ್ಲಿ, ಚಿತ್ರದುರ್ಗದಲ್ಲಿ, ಹದಿನಾರನೆಯ ವಯಸ್ಸಿನಲ್ಲಿ. ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಮಹಾರಾಜರ ಸರ್ಕಾರವೇ ಇತ್ತು. ಪ್ರಜೆಗಳ ಸರ್ಕಾರ ಬೇಕೆಂದು ಊರೂರಿನಲ್ಲಿ ಜನ ಬೀದಿಗಿಳಿದಿದ್ದರು. ಅಂಬುಜಾ ಮತ್ತು ಅವಳ ತರಗತಿಯ ಗುರುದೇವಿ ಸರ್ಕಾರಿ ಕಛೇರಿಯ ಗೇಟು ಹತ್ತಿ ತ್ರಿವರ್ಣ ಬಾವುಟ ಕಟ್ಟಿದರು. ಹತ್ತೊಂಬತ್ತು ದಿನ ಒಳಗಿದ್ದರು. ಮಡಿಯ ಮನೆಯಲ್ಲಿ ಬೆಳೆದ ಅಂಬುಜಾ ಜೈಲಿನ ಮುದ್ದೆ ಮುಟ್ಟಲಿಲ್ಲ. ಎರಡು ದಿನ ಗುರುದೇವಿ ಕಾವಲಿನ ಹೆಂಗಸನ್ನು ಕಾಡಿ ಬೇಡಿ ಬಾಳೆಹಣ್ಣು ತರಿಸಿ ತಿನ್ನಿಸಿದಳು. ಮೂರನೆಯ ದಿನ ಅಂಬುಜಾ ಗುರುದೇವಿಯ ತಟ್ಟೆಯಿಂದಲೇ ಮುದ್ದೆ ಮುರಿದು ತಿಂದಳು.

ಬಿಡುಗಡೆಯಾಗಿ ಬಂದಾಗ ಸರ್ಕಾರಿ ಮೇಷ್ಟ್ರಾಗಿದ್ದ ಅಪ್ಪ ಅವಳ ಕೈಯನ್ನು ನಂದಾದೀಪದ ಮುಂದೆ ಹಿಡಿದರು. "ಜೈಲು ಕಂಡ ಹುಡುಗೀನ ಯಾರು ತಗೋತಾರೆ? ಈ ಮಾತು ನಿನ್ನ ಬಾಯಿಂದ ಯಾವತ್ತೂ ಬರಕೂಡದು." ಅವಳು ಆಣೆಯಿಟ್ಟಳು. ಅವಳ ಗಂಡನಿಗೂ ಈ ಮಾತು ಗೊತ್ತಿರಲಿಲ್ಲ.

ಜುಲೈನಲ್ಲಿ ವಲಸೆ ಕಛೇರಿಯಿಂದ ಕರೆ ಬಂತು. ಇಂಗ್ಲಿಷಿಗೆ ಸಹಾಯವಾಗಲೆಂದು ಚಂದ್ರಮೌಳಿ ಪಕ್ಕದಲ್ಲಿ ಕೂತರು. ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆಂದು ಅವಳು ಪ್ರಮಾಣ ಮಾಡಿದಳು. ಅಧಿಕಾರಿ ಅರ್ಜಿಯನ್ನು ಸಾಲುಸಾಲಾಗಿ ಓದುತ್ತಾ ಆ ಪ್ರಶ್ನೆಗೆ ಬಂದ. ದೀಪದ ಮುಂದಿನ ಆಣೆ ಒಂದು, ಈ ಆಣೆ ಇನ್ನೊಂದು. ಇಲ್ಲ ಎಂದರೆ ಕೆಲಸ ಉಳಿಯುತ್ತಿತ್ತು.

"ಹೌದು, ಅರೆಸ್ಟ್ ಮಾಡಿದ್ರು. ಅದು ತಪ್ಪಾಗಿ ಟೈಪ್ ಆಗಿದೆ" ಎಂದಳು.

ಅಧಿಕಾರಿ ತಲೆಯೆತ್ತಿದ. "ಯಾಕೆ?"

"ಬಾವುಟ ಕಟ್ಟಿದ್ದಕ್ಕೆ."

"ಯಾವ ದೇಶದ ಬಾವುಟ?"

"ಇಂಡಿಯಾದು."

"ಕಟ್ಟಿದ್ದು ಎಲ್ಲಿ?"

"ಇಂಡಿಯಾದಲ್ಲೇ."

ಅವನು ಕೆಟ್ಟವನಲ್ಲ. ಪೆನ್ನಿನ ತುದಿ ಕಚ್ಚಿಕೊಂಡು, ಹಾಗಾದರೆ ಹಿಡಿದದ್ದು ಬ್ರಿಟಿಷರೋ ಎಂದು ಕೇಳಿದ. ಅಲ್ಲ, ನಮ್ಮದೇ ಮಹಾರಾಜರ ಪೊಲೀಸರು ಎಂದಳು. ಅವನು ಕೆಂಪು ಶಾಯಿಯಲ್ಲಿ ಉತ್ತರ ತಿದ್ದಿ, ಬಂಧನದ ದಾಖಲೆಯನ್ನಾಗಲಿ, ಜೊತೆಯಲ್ಲಿದ್ದವರ ಪ್ರಮಾಣಪತ್ರವನ್ನಾಗಲಿ ತನ್ನಿ, ಅಲ್ಲಿಯವರೆಗೆ ಫೈಲು ಮುಂದೆ ಹೋಗುವುದಿಲ್ಲ ಎಂದ.

ಕಾರು ಎಂಟು ಮೈಲಿ ಬಂದಿತ್ತು.

"ನಿನ್ನನ್ನ ನೋಡಕ್ಕೆ ಬಂದಾಗ ನಿಮ್ಮಪ್ಪ ಏನಂದಿದ್ರು ಗೊತ್ತಾ? ನಮ್ಮ ಹುಡುಗಿ ಹೊಸಿಲು ದಾಟಿದವಳಲ್ಲ ಅಂದಿದ್ರು" ಎಂದರು ಚಂದ್ರಮೌಳಿ.

"ಆಣೆ ಹಾಕ್ಸಿದ್ರು ರೀ."

"ಇಪ್ಪತ್ತೊಂಬತ್ತು ವರ್ಷ, ಅಂಬು! ಇಷ್ಟು ದಿನ ಇಟ್ಕೊಂಡಿದ್ದೆಯಲ್ಲ, ಇವತ್ತೊಂದಿನ ಇಟ್ಕೊಳ್ಳಕ್ಕಾಗ್ಲಿಲ್ವಾ?"

ಮನೆಗೆ ಬಂದವಳೇ ದೇವರ ಪೀಠದ ಕೆಳಗಿನ ಬಟ್ಟೆಯೊಳಗಿಂದ ಎಂಟು ವರ್ಷದ ಹಿಂದಿನ ಕಾಗದವೊಂದನ್ನು ತೆಗೆದಳು. ಗುರುದೇವಿ ಬರೆದದ್ದು. ಗಂಡ ತೀರಿಕೊಂಡಿದ್ದಾನೆ, ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರ ಪಿಂಚಣಿ ಕೊಡುತ್ತಿದೆ, ಜೈಲಿನ ದಾಖಲೆ ಪುಸ್ತಕ ಸಿಗುತ್ತಿಲ್ಲ, ಜೊತೆಗಿದ್ದವರು ಬರೆದುಕೊಟ್ಟರೆ ಸಾಕಂತೆ. "ಅಂಬುಜಾ, ನಿನ್ನದೊಂದು ಸಹಿ ಬೇಕವ್ವಾ." ಆಗ ಅತ್ತೆ ಜೊತೆಯಲ್ಲಿದ್ದರು. ಸಹಿ ಮಾಡಿದರೆ ತಾನೂ ಜೈಲಿಗೆ ಹೋದವಳೆಂದು ಒಪ್ಪಿಕೊಂಡಂತೆ. ನಾಳೆ ಬರೆಯೋಣ ಎಂದು ಪೀಠದ ಕೆಳಗಿಟ್ಟಿದ್ದಳು. ದಿನಾ ಅದರ ಮೇಲೆಯೇ ಹೂವೇರಿಸಿದ್ದಳು.

ಈಗ ಅದೇ ಸಹಿಯನ್ನು ತಾನು ಬೇಡಬೇಕು. ನಾಚಿಕೆ ಬಿಟ್ಟು ಬರೆದಳು. ಆಗಸ್ಟ್ ಪೂರ್ತಿ ಅಂಚೆಪೆಟ್ಟಿಗೆಗೆ ನಡೆದಳು. ಕೊನೆಯ ದಿನ ಸೂಪರ್‌ವೈಸರ್ ಅವಳ ಕತ್ತರಿಯನ್ನೂ ಕೈಗವಸನ್ನೂ ವಾಪಸು ತೆಗೆದುಕೊಂಡಳು. ಉತ್ತರ ಬಂದದ್ದು ಸೆಪ್ಟೆಂಬರಿನಲ್ಲಿ, ಗುರುದೇವಿಯ ಮಗಳಿಂದ.

"ಅವ್ವ ಹೋದ ವರ್ಷ ಶ್ರಾವಣದಾಗ ತೀರಿಕೊಂಡಳ್ರಿ. ಪಿಂಚಣಿ ಆಗಲೇ ಇಲ್ಲ. ನಿಮ್ಮ ಮೇಲೆ ಸಿಟ್ಟಿರಲಿಲ್ಲ. ಅಂಬುಜಾ ಮನೆ ಬದಲು ಮಾಡ್ಯಾಳ, ನನ್ನ ಕಾಗದ ಮುಟ್ಟಿಲ್ಲ ಅಂತಿದ್ದಳು."

ಅಂಬುಜಾ ಅದನ್ನು ಮೂರು ಸಲ ಓದಿದಳು. ದೇವರ ಮುಂದೆ ಹೋಗಿ ನಿಂತಳು, ಬಾಯಿಗೆ ಯಾವ ಸ್ತೋತ್ರವೂ ಬರಲಿಲ್ಲ. ಹಿಂದಿರುಗಿ ಅಡುಗೆಮನೆಯ ಮೇಜಿನಲ್ಲಿ, ಗಂಡನ ಎದುರಿಗೆ, ಬಿಳಿಯ ಹಾಳೆಯೊಂದನ್ನು ಹಾಸಿಕೊಂಡಳು. ಗುರುದೇವಿ ಎಂಬುವರು ನನ್ನ ಜೊತೆಯಲ್ಲಿ ಹತ್ತೊಂಬತ್ತು ದಿನ ಸೆರೆಮನೆಯಲ್ಲಿದ್ದರೆಂದು ಪ್ರಮಾಣ ಮಾಡುತ್ತೇನೆ ಎಂದು ಬರೆದಳು.

ಚಂದ್ರಮೌಳಿ ಗುರುದೇವಿಯ ಮಗಳ ಕಾಗದವನ್ನು ಓದಿ ಮಡಿಸಿದರು. "ಆಕೆ ಹೋಗಿಬಿಟ್ಟಿದಾಳಲ್ಲೇ. ಇನ್ನು ಇದು ಯಾರಿಗೆ?"

ಅವಳ ಪೆನ್ನು ಕೆಳಗಿನ ಸಾಲಿಗೆ ಬಂದು ನಿಂತಿತ್ತು. "ಇಲ್ಲಿ ಇಂಥವರ ಹೆಂಡತಿ ಅಂತ ಹಾಕ್ಬೇಕು. ನಿಮ್ಮ ಹೆಸರು ಬರೀಲಾ?"

ಅವರು ಶರ್ಟಿನ ತೋಳಿನ ಇಸ್ತ್ರಿಯ ಗೆರೆಯನ್ನು ಉಗುರಿನಿಂದ ತೀಡಿದರು.

"ಬರಿ" ಎಂದರು. "ಇನ್ನೇನು ಹೋಗೋದಿದೆ."